ಒಳಗೆ ಬಂದವರು ಎಲ್ಲಿ ಕೂರುತ್ತಾರೆ? ಚಿಕ್ಕ ಕ್ರೈಸ್ತ ಸಭೆ ಮತ್ತು ಸಮಾಜ ಹೊರಗಿಟ್ಟವರು

ಮಾನ್ಯ ಅಧ್ಯಕ್ಷರೇ, ಸ್ನೇಹಿತರೇ,

ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಲ್ಲಿ, ಎರಡನೆಯ ಅಧ್ಯಾಯದ ಆರಂಭದಲ್ಲೇ, ಒಂದು ಪುಟ್ಟ ಪ್ರಸಂಗ ಬರುತ್ತದೆ. ಸಭೆ ಕೂಡಿರುವಾಗ ಇಬ್ಬರು ಒಳಗೆ ಬರುತ್ತಾರೆ. ಒಬ್ಬನ ಬೆರಳಿನಲ್ಲಿ ಚಿನ್ನದ ಉಂಗುರ, ಮೈಮೇಲೆ ಹೊಳೆಯುವ ಬಟ್ಟೆ. ಇನ್ನೊಬ್ಬ ಬಡವ, ಕೊಳಕು ಬಟ್ಟೆ ಉಟ್ಟವನು. ಮೊದಲನೆಯವನಿಗೆ ಒಳ್ಳೆಯ ಜಾಗ ತೋರಿಸಿ ಕೂರಿಸುತ್ತಾರೆ. ಎರಡನೆಯವನಿಗೆ, ಅಲ್ಲೇ ನಿಂತಿರು, ಇಲ್ಲವೇ ನನ್ನ ಕಾಲುಮಣೆಯ ಹತ್ತಿರ ಕೂತುಕೋ ಎನ್ನುತ್ತಾರೆ. ಈ ಬಡವನನ್ನು ಯಾರೂ ಹೊರಗೆ ಅಟ್ಟಲಿಲ್ಲ, ಬೈಯಲಿಲ್ಲ. ಬಾಗಿಲು ಅವನಿಗೂ ತೆರೆದೇ ಇತ್ತು. ಆದರೂ ಪತ್ರಿಕೆಯನ್ನು ಬರೆದವನು ಹೀಗೆ ನಡೆದುಕೊಂಡವರನ್ನು ಕೆಟ್ಟ ಆಲೋಚನೆಯ ನ್ಯಾಯಾಧಿಪತಿಗಳೆಂದು ಕರೆಯುತ್ತಾನೆ.

ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಪ್ರಸಂಗದಿಂದ ಹೊರಡುತ್ತದೆ. 'ನಮ್ಮ ಸಭೆಗೆ ಎಲ್ಲರಿಗೂ ಸ್ವಾಗತ' ಎಂಬ ಫಲಕ ಇಲ್ಲದ ಚರ್ಚು ಈಗ ಅಪರೂಪ. ಫಲಕ ಹಾಕುವುದರಲ್ಲಿ ಕಷ್ಟವೇನೂ ಇಲ್ಲ. ಒಳಗೆ ಬಂದವನು ಎಲ್ಲಿ ಕೂರುತ್ತಾನೆ, ಯಾರ ಪಕ್ಕದಲ್ಲಿ ಊಟ ಮಾಡುತ್ತಾನೆ, ಒಂದು ವರ್ಷ ಕಳೆದ ಮೇಲೂ ಪಡೆಯುವವನಾಗಿಯೇ ಉಳಿದಿದ್ದಾನೆಯೇ ಅಥವಾ ಕೊಡುವವರ ಸಾಲಿಗೆ ಸೇರಿದ್ದಾನೆಯೇ, ಇವು ಕಷ್ಟದ ಪ್ರಶ್ನೆಗಳು. ಸಭೆಯೊಂದರ ಸ್ವಾಗತವನ್ನು ನಾನು ಅಳೆಯುವುದು ಈ ಕೊನೆಯ ಪ್ರಶ್ನೆಯಿಂದ.

ಕೊರಿಂಥದ ಸಭೆಯನ್ನು ನೋಡೋಣ. ಕ್ರಿ.ಶ. 50ರ ದಶಕದ ಮಧ್ಯದಲ್ಲಿ ಅಪೊಸ್ತಲ ಪೌಲನು ಆ ಸಭೆಗೆ ಬರೆದ ಮೊದಲ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಊಟದ, ಬಗ್ಗೆ ಕಟುವಾದ ಮಾತುಗಳಿವೆ. ಕೂಡಿಬಂದವರಲ್ಲಿ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ. ಇದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಹೇಳುತ್ತಾನೆ. ಆ ಕಾಲದಲ್ಲಿ ಸಭೆ ಕೂಡುತ್ತಿದ್ದುದು ಅನುಕೂಲಸ್ಥರ ಮನೆಗಳಲ್ಲಿ. ಅಂಥ ಮನೆಯ ಊಟದ ಕೋಣೆಯಲ್ಲಿ ಒರಗಿ ಕೂತು ಉಣ್ಣಲು ಕೆಲವರಿಗಷ್ಟೇ ಜಾಗವಿರುತ್ತಿತ್ತು. ದಿನವಿಡೀ ದುಡಿದು ತಡವಾಗಿ ಬರುವ ಕೂಲಿಯವರಿಗೂ ದಾಸರಿಗೂ ಅಂಗಳವೇ ಗತಿ, ಉಳಿದದ್ದೇ ಊಟ. ವಿದ್ವಾಂಸರಲ್ಲಿ ಅನೇಕರು ಪೌಲನ ಸಿಟ್ಟಿನ ಹಿನ್ನೆಲೆಯನ್ನು ಹೀಗೆ ವಿವರಿಸುತ್ತಾರೆ, ನನಗೂ ಅದು ಸರಿಯೆನಿಸುತ್ತದೆ. ಪಂಕ್ತಿಭೇದ ಏನೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೌಲ ಸೂಚಿಸುವ ಪರಿಹಾರ ಬಹಳ ಸರಳವಾದದ್ದು: ಊಟಕ್ಕೆ ಕೂಡಿಬಂದಾಗ ಒಬ್ಬರಿಗೊಬ್ಬರು ಕಾಯಿರಿ. ದೇವತಾಶಾಸ್ತ್ರದ ದೊಡ್ಡ ದೊಡ್ಡ ವಾದಗಳ ನಡುವೆ ಇಷ್ಟು ಮನೆವಾರ್ತೆಯ ಮಾತೊಂದು ಬರುವುದು ಆಕಸ್ಮಿಕವಲ್ಲ. ಬಡವನ ಮಾನ ಹೋಗುವುದು ಇಂಥ ಸಣ್ಣ ಸಂಗತಿಗಳಲ್ಲಿಯೇ.

ಸುವಾರ್ತೆಗಳಲ್ಲಿ ಯೇಸು ಸುಂಕದವರೊಂದಿಗೂ ಪಾಪಿಗಳೆನಿಸಿಕೊಂಡವರೊಂದಿಗೂ ಉಂಡನೆಂಬ ಆಕ್ಷೇಪ ಮತ್ತೆ ಮತ್ತೆ ಕೇಳಿಬರುತ್ತದೆ. ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ, ಔತಣ ಮಾಡಿಸುವಾಗ ಗೆಳೆಯರನ್ನೂ ನೆಂಟರನ್ನೂ ಐಶ್ವರ್ಯವಂತ ನೆರೆಯವರನ್ನೂ ಕರೆಯಬೇಡ. ಬಡವರನ್ನು, ಊನವಾದವರನ್ನು, ಕುಂಟರನ್ನು, ಕುರುಡರನ್ನು ಕರೆ, ಅವರು ನಿನಗೆ ಮುಯ್ಯಿ ತೀರಿಸಲಾರರು ಎಂಬ ಮಾತಿದೆ. ದಾನಧರ್ಮದ ಕುರಿತ ಉಪದೇಶಗಳೆಲ್ಲ ಹೆಚ್ಚಾಗಿ ಇಲ್ಲಿಗೇ ನಿಂತುಬಿಡುತ್ತವೆ. ಆದರೆ ಅದೇ ಲೂಕನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಸುಂಕದವರ ಮುಖ್ಯಸ್ಥನಾಗಿದ್ದ ಜಕ್ಕಾಯನ ಕಥೆ ಬರುತ್ತದೆ. ಅಲ್ಲಿ ಯೇಸು ಅವನನ್ನು ಊಟಕ್ಕೆ ಕರೆಯುವುದಿಲ್ಲ. ಈ ಹೊತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎನ್ನುತ್ತಾನೆ. ಊರೆಲ್ಲ ದೂರವಿಟ್ಟಿದ್ದವನು ಆ ದಿನ ಮನೆಯ ಯಜಮಾನನಾಗಿ ಅತಿಥಿಯನ್ನು ಬರಮಾಡಿಕೊಳ್ಳುತ್ತಾನೆ. ಕರೆದು ಉಣಿಸುವುದು ಸುಲಭ. ಅವರ ಮನೆಗೆ ಹೋಗಿ, ಅವರು ಬಡಿಸಿದ್ದನ್ನು ಉಣ್ಣುವುದಕ್ಕೆ ಬೇರೆಯೇ ಮನಸ್ಸು ಬೇಕು.

ಜಕ್ಕಾಯ ಬಡವನಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಹೊರಗಿಟ್ಟವರೂ ಇಲ್ಲದವರೂ ಯಾವಾಗಲೂ ಒಂದೇ ಗುಂಪಿನವರಲ್ಲ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಬರುವ ಐಥಿಯೋಪ್ಯದ ಕಂಚುಕಿ, ಅಂದರೆ ನಪುಂಸಕನನ್ನಾಗಿ ಮಾಡಲ್ಪಟ್ಟ ಆಸ್ಥಾನಿಕ, ರಾಣಿಯ ಖಜಾನೆಗೇ ಅಧಿಕಾರಿ. ರಥದಲ್ಲಿ ಓಡಾಡುವವನು, ಗ್ರಂಥದ ಸುರುಳಿಯನ್ನು ಸ್ವಂತಕ್ಕೆ ಇಟ್ಟುಕೊಂಡಿದ್ದವನು. ಯೆರೂಸಲೇಮಿಗೆ ಆರಾಧನೆಗೆಂದು ಹೋಗಿ ಹಿಂತಿರುಗುತ್ತಿದ್ದಾನೆ. ಆದರೆ ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯ ಅವನಂಥವರು ದೇವರ ಸಭೆಯಲ್ಲಿ ಸೇರಬಾರದೆಂದು ಹೇಳುತ್ತದೆ. ಅವನ ಕೈಯಲ್ಲಿದ್ದ ಯೆಶಾಯನ ಗ್ರಂಥದಲ್ಲಿಯೇ, ಅವನು ಓದುತ್ತಿದ್ದ ಭಾಗದಿಂದ ಸ್ವಲ್ಪ ಮುಂದೆ, ಕಂಚುಕಿಯರಿಗೆ ದೇವರು ತನ್ನ ಆಲಯದಲ್ಲಿ ಗಂಡು ಹೆಣ್ಣು ಮಕ್ಕಳಿಗಿಂತ ಶ್ರೇಷ್ಠವಾದ ಹೆಸರನ್ನು ಕೊಡುವನೆಂಬ ವಾಗ್ದಾನವಿದೆ. ದಾರಿಯಲ್ಲಿ ನೀರು ಕಂಡಾಗ ಅವನು, ರಥದಲ್ಲಿ ಜೊತೆಗೆ ಕೂತು ಸುವಾರ್ತೆ ಹೇಳುತ್ತಿದ್ದ ಫಿಲಿಪ್ಪನನ್ನು ಕೇಳುತ್ತಾನೆ: ನನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿ ಏನು? ಬಹಳ ಹಳೆಯ ಹಸ್ತಪ್ರತಿಗಳಲ್ಲಿ ಈ ಪ್ರಶ್ನೆಗೆ ಫಿಲಿಪ್ಪನ ಉತ್ತರವೇ ಇಲ್ಲ. ರಥ ನಿಲ್ಲುತ್ತದೆ, ಇಬ್ಬರೂ ನೀರಿಗೆ ಇಳಿಯುತ್ತಾರೆ, ಅಷ್ಟೆ. ಪೂರ್ಣಹೃದಯದಿಂದ ನಂಬಿದರೆ ಆಗಬಹುದು ಎಂಬ ಷರತ್ತಿನ ಉತ್ತರವನ್ನು ಮುಂದಿನ ಕಾಲದ ನಕಲುಗಾರರು ಸೇರಿಸಿದರು. ಅಷ್ಟು ನೇರವಾದ ಪ್ರಶ್ನೆಗೆ ಉತ್ತರವಿಲ್ಲದೆ ಹೋಗುವುದನ್ನು ಅವರಿಂದ ಸಹಿಸಲಾಗಲಿಲ್ಲವೆಂದು ತೋರುತ್ತದೆ.

ಮೊದಲ ಮೂರು ಶತಮಾನಗಳ ಸಭೆಗಳು ಎಷ್ಟು ಚಿಕ್ಕವಾಗಿದ್ದವು ಎಂಬುದಕ್ಕೆ ಯೂಫ್ರೆಟಿಸ್ ದಂಡೆಯ ದುರಾ ಯುರೋಪೋಸ್ ಎಂಬ ಪಟ್ಟಣದಲ್ಲಿ ಕಣ್ಣಿಗೆ ಕಾಣುವ ಸಾಕ್ಷ್ಯ ಸಿಕ್ಕಿತು. 240ರ ಸುಮಾರಿಗೆ ಅಲ್ಲಿಯ ಒಂದು ವಾಸದ ಮನೆಯನ್ನು ಸಭೆಗಾಗಿ ಮಾರ್ಪಡಿಸಿದ್ದರು. ಎರಡು ಕೋಣೆಗಳ ನಡುವಣ ಗೋಡೆ ಒಡೆದು ಒಂದು ಹಜಾರ ಮಾಡಿಕೊಂಡಿದ್ದರು. ಅದರಲ್ಲಿ ಹೆಚ್ಚೆಂದರೆ 60–70 ಜನ ಹಿಡಿಸುತ್ತಿದ್ದರು. ಇಂಥ ಗುಂಪಿನಲ್ಲಿ ಯಾರು ಬರಲಿಲ್ಲ ಎಂಬುದು ತಕ್ಷಣ ತಿಳಿಯುತ್ತದೆ. ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಎಂಬುದೂ ತಿಳಿಯುತ್ತದೆ. ಚಿಕ್ಕ ಸಭೆಯ ಶಕ್ತಿ ಇದು. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಕೂಟದಲ್ಲಿ ಹೊಸಬನು ಹೊಸಬನೆಂಬುದು ಎದ್ದು ಕಾಣುತ್ತದೆ. ದೊಡ್ಡ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಯಾರ ಕಣ್ಣಿಗೂ ಬೀಳದೆ ಕೂತು ಎದ್ದು ಹೋಗಬಹುದು. ಚಿಕ್ಕ ಸಭೆಯಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಚಿಕ್ಕ ಸಭೆ ಒಬ್ಬನನ್ನು ಅಪ್ಪಿಕೊಂಡರೆ ಪೂರ್ತಿ ಅಪ್ಪಿಕೊಳ್ಳುತ್ತದೆ, ದೂರವಿಟ್ಟರೂ ಪೂರ್ತಿ ದೂರವಿಡುತ್ತದೆ. ಚಿಕ್ಕದೆಂದ ಮಾತ್ರಕ್ಕೆ ಅದು ಪ್ರೀತಿಯದು ಎಂದು ಭಾವಿಸುವವರಿಗೆ ಚಿಕ್ಕ ಊರಿನಲ್ಲಿ ಬಹಿಷ್ಕಾರಕ್ಕೊಳಗಾಗಿ ಬದುಕಿದ ಅನುಭವವಿಲ್ಲ ಎಂದೇ ನನ್ನ ಅನಿಸಿಕೆ.

ಆ ಕಾಲದ ಸಭೆಗಳಲ್ಲಿ ಯಾರು ಇದ್ದರು ಎಂಬುದನ್ನು ನಾವು ಹೆಚ್ಚಾಗಿ ಟೀಕಾಕಾರರ ಬಾಯಿಂದಲೇ ಕೇಳುತ್ತೇವೆ. 112ರ ಸುಮಾರಿಗೆ ರೋಮನ್ ಸಾಮ್ರಾಜ್ಯದ ಬಿಥೂನ್ಯ ಪ್ರಾಂತ್ಯದ ಅಧಿಪತಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಎಲ್ಲ ವಯಸ್ಸಿನ, ಎಲ್ಲ ಅಂತಸ್ತಿನ ಗಂಡಸರೂ ಹೆಂಗಸರೂ ಈ ಪಂಥದಲ್ಲಿದ್ದಾರೆಂದು ತಿಳಿಸುತ್ತಾನೆ. ತಾನು ಚಿತ್ರಹಿಂಸೆ ಕೊಟ್ಟು ವಿಚಾರಿಸಿದ ಇಬ್ಬರು ದಾಸಿಯರನ್ನು ಸಭೆಯವರು ಸೇವಕಿಯರೆಂದು ಕರೆಯುತ್ತಿದ್ದರೆಂದೂ ಬರೆಯುತ್ತಾನೆ. ಹೊರಗೆ ಒಡೆಯನ ಸೊತ್ತಾಗಿದ್ದ ಹೆಣ್ಣುಮಕ್ಕಳು ಒಳಗೆ ಹೊಣೆಯ ಸ್ಥಾನದಲ್ಲಿದ್ದರು. ಎರಡನೆಯ ಶತಮಾನದ ಕೊನೆಯ ಭಾಗದ ಚಿಂತಕ ಸೆಲ್ಸಸ್, ಉಣ್ಣೆ ಕೆಲಸದವರು, ಚಮ್ಮಾರರು, ಅಗಸರು ಮನೆಮನೆ ಹೊಕ್ಕು ಹೆಂಗಸರಿಗೂ ಮಕ್ಕಳಿಗೂ ಉಪದೇಶ ಮಾಡುತ್ತಾರೆಂದು ಅಣಕಿಸಿದ. ಬೇರೆ ರಹಸ್ಯಪಂಥಗಳು ಶುದ್ಧಹಸ್ತರನ್ನು ಕರೆದರೆ ಇವರು ಪಾಪಿಗಳನ್ನೂ ದಡ್ಡರನ್ನೂ ನಿರ್ಗತಿಕರನ್ನೂ ಕರೆಯುತ್ತಾರೆಂಬುದು ಅವನ ದೂರು. ಅವನ ಪುಸ್ತಕ ನಮಗೆ ಉಳಿದಿರುವುದು ಅದನ್ನು ಖಂಡಿಸಿದ ಕ್ರೈಸ್ತ ವಿದ್ವಾಂಸ ಒರಿಜೆನ್ ಎತ್ತಿಕೊಂಡ ಉದ್ಧರಣೆಗಳಲ್ಲಿ ಮಾತ್ರ. ಒರಿಜೆನ್ ಆ ದೂರಿನ ಮುಖ್ಯಾಂಶವನ್ನು ನಿರಾಕರಿಸಲಿಲ್ಲ ಎಂಬುದು ನನಗೆ ಮೆಚ್ಚುಗೆಯಾಗುವ ಸಂಗತಿ. ಕರೆಯುತ್ತೇವೆ ಹೌದು, ವಾಸಿ ಮಾಡಲೆಂದು ಕರೆಯುತ್ತೇವೆ ಎಂಬ ಧಾಟಿಯಲ್ಲಿ ಅವನ ಉತ್ತರವಿದೆ.

ಹಣದ ವಿಷಯಕ್ಕೆ ಬರೋಣ. 197ರ ಹೊತ್ತಿಗೆ ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ತನ್ನ ಸಭೆಯ ಹುಂಡಿಯನ್ನು ವರ್ಣಿಸುತ್ತಾನೆ. ತಿಂಗಳಿಗೊಮ್ಮೆ, ಮನಸ್ಸಿದ್ದರೆ, ಕೈಲಾದರೆ, ಕೈಲಾದಷ್ಟು ಹಾಕುವುದು, ಬಲವಂತವಿಲ್ಲ. ಆ ಹಣ ಔತಣಕ್ಕೋ ಕುಡಿತಕ್ಕೋ ಹೋಗುವುದಿಲ್ಲ. ಬಡವರ ಊಟಕ್ಕೆ, ಅವರ ಶವಸಂಸ್ಕಾರಕ್ಕೆ, ತಂದೆತಾಯಿ ಇಲ್ಲದ ಮಕ್ಕಳಿಗೆ, ಮನೆ ಹಿಡಿದ ಮುದಿ ದಾಸರಿಗೆ, ಹಡಗೊಡೆದು ಎಲ್ಲ ಕಳೆದುಕೊಂಡವರಿಗೆ, ನಂಬಿಕೆಗಾಗಿ ಗಣಿಗಳಲ್ಲೋ ದ್ವೀಪಗಳಲ್ಲೋ ಸೆರೆಮನೆಗಳಲ್ಲೋ ಇರುವವರಿಗೆ ಹೋಗುತ್ತದೆ. ಈ ಪಟ್ಟಿಯಲ್ಲಿ ಶವಸಂಸ್ಕಾರ ಸೇರಿರುವುದನ್ನು ನೋಡಿ. ದಿಕ್ಕಿಲ್ಲದವನ ದೊಡ್ಡ ಭಯ ಸತ್ತರೆ ಮಣ್ಣು ಮಾಡುವವರಾರು ಎಂಬುದು. ಅದನ್ನು ಬಲ್ಲವರು ಮಾತ್ರ ಇಂಥ ಪಟ್ಟಿ ಮಾಡಬಲ್ಲರು.

ಮುಂದೆ ಸಭೆಗಳು ಬೆಳೆದವು. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ ಅಲ್ಲಿಯ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿರುವವರನ್ನೂ ಪೋಷಿಸುತ್ತಿತ್ತು. 362ರಲ್ಲಿ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟಿದ್ದ ಚಕ್ರವರ್ತಿ ಜೂಲಿಯನ್ ಗಲಾತ್ಯದ ಪ್ರಧಾನ ಅರ್ಚಕನಿಗೆ ಬರೆದದ್ದೆನ್ನಲಾದ ಪತ್ರದಲ್ಲಿ, ಈ ಗಲಿಲಾಯದವರು (ಅಂದರೆ ಕ್ರೈಸ್ತರು) ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಾಚಿಕೆಗೇಡು ಎಂಬ ಮಾತಿದೆ. 370ರ ಸುಮಾರಿಗೆ ಕೈಸರಿಯದ ಬಿಷಪ್ ಬೆಸಿಲ್ ಊರ ಹೊರಗೆ ರೋಗಿಗಳಿಗೂ ದಿಕ್ಕಿಲ್ಲದವರಿಗೂ ದೊಡ್ಡ ನೆಲೆಯೊಂದನ್ನು ಕಟ್ಟಿಸಿದ. ಕುಷ್ಠರೋಗಿಗಳನ್ನು ಅವನು ಸೋದರರಂತೆ ಅಪ್ಪಿಕೊಳ್ಳುತ್ತಿದ್ದನೆಂದು ಗೆಳೆಯ ಗ್ರೆಗೊರಿ ನೆನೆಯುತ್ತಾನೆ. ಇವೆಲ್ಲ ಮಹತ್ತ್ವದ ಕೆಲಸಗಳೇ. ಆದರೆ ಈ ಬೆಳವಣಿಗೆಯಲ್ಲಿ ಏನೋ ಕೈಬಿಟ್ಟೂ ಹೋಯಿತು. ಕಾಲಕ್ರಮದಲ್ಲಿ ಚರ್ಚುಗಳಲ್ಲಿ ಬಡವರ ಹೆಸರುಗಳ ಪಟ್ಟಿ ಇಡುವ ಪದ್ಧತಿ ಬಂತು. ಪಟ್ಟಿಯಲ್ಲಿರುವವನಿಗೆ ದಾನ, ಇಲ್ಲದವನಿಗೆ ಇಲ್ಲ. ಪಟ್ಟಿಯ ಬಡವನು ಚರ್ಚಿನ ಬಾಗಿಲಲ್ಲಿ ಕೂತನು. ಅವನಿಗೆ ಅನ್ನ ಸಿಕ್ಕಿತು. ಆದರೆ ಬಾಗಿಲಲ್ಲಿ ಕೂತವನ ಅಭಿಪ್ರಾಯವನ್ನು ಸಭೆಯ ಯಾವ ತೀರ್ಮಾನಕ್ಕೂ ಯಾರೂ ಕೇಳುವುದಿಲ್ಲ.

ಕೂರುವ ಜಾಗದ ಪ್ರಶ್ನೆ ಅತ್ಯಂತ ಒರಟಾಗಿ ಎದುರಾದದ್ದು ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅನೇಕ ಚರ್ಚುಗಳು ಬೆಂಚುಗಳನ್ನು ಬಾಡಿಗೆಗೆ ಕೊಡುತ್ತಿದ್ದವು. ಬಾಡಿಗೆ ಕಟ್ಟಲಾಗದವರಿಗೆ ಹಿಂಬದಿಯೋ ಅಟ್ಟಣೆಯೋ ಗತಿ. ಅದಕ್ಕೂ ಮೊದಲು, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಫಿಲಡೆಲ್ಫಿಯದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಕಪ್ಪು ಜನ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ ಅವರನ್ನು ಎಬ್ಬಿಸಿ ಬೇರೆ ಕಡೆಗೆ ಕಳುಹಿಸಲು ಚರ್ಚಿನ ಮೇಲ್ವಿಚಾರಕರು ಮುಂದಾದರು. ಪ್ರಾರ್ಥನೆ ಮುಗಿಯುವವರೆಗಾದರೂ ಕಾಯಿರಿ ಎಂದು ಅಬ್ಸಲೋಮ್ ಜೋನ್ಸ್ ಕೇಳಿಕೊಂಡರೂ ಅವರು ಕಾಯಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಆ ಜನರೆಲ್ಲ ಒಟ್ಟಾಗಿ ಎದ್ದು ಹೊರಟುಹೋದರು. ಅವರಲ್ಲಿ ರಿಚರ್ಡ್ ಆಲನ್ ಕೂಡ ಇದ್ದರು. ದಾಸ್ಯದಲ್ಲಿ ಹುಟ್ಟಿ, ದುಡಿದು ಹಣ ಕಟ್ಟಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡವರು. 1793ರಲ್ಲಿ ಆ ನಗರಕ್ಕೆ ಹಳದಿ ಜ್ವರ ಬಡಿದು ಸುಮಾರು 5,000 ಜನ ಸತ್ತರು. ಅನುಕೂಲವಿದ್ದವರು ಊರು ಬಿಟ್ಟರು. ಕಪ್ಪು ಜನರಿಗೆ ಈ ಜ್ವರ ತಗಲುವುದಿಲ್ಲವೆಂಬ ತಪ್ಪು ನಂಬಿಕೆಯಿಂದ ವೈದ್ಯ ಬೆಂಜಮಿನ್ ರಷ್ ಆ ಜನರ ನೆರವನ್ನೇ ಬೇಡಿದರು. ಜೋನ್ಸ್, ಆಲನ್ ಮತ್ತು ಅವರ ಜೊತೆಯವರು ರೋಗಿಗಳ ಆರೈಕೆ ಮಾಡಿದರು, ಹೆಣಗಳನ್ನು ಹೂಳಿದರು. ಕಪ್ಪು ಜನರಲ್ಲಿಯೂ ಅನೇಕರು ಜ್ವರಕ್ಕೆ ಬಲಿಯಾದರು. ಇಷ್ಟಾದ ಮೇಲೆ, ಕಪ್ಪು ದಾದಿಯರು ಸಮಯ ನೋಡಿ ಹಣ ಸುಲಿದರೆಂದು ಪ್ರಕಾಶಕ ಮ್ಯಾಥ್ಯೂ ಕೇರಿ ಅಚ್ಚು ಹಾಕಿಸಿದ. ಜೋನ್ಸ್ ಮತ್ತು ಆಲನ್ 1794ರಲ್ಲಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ ಲೆಕ್ಕ ಸಮೇತ ಉತ್ತರ ಕೊಟ್ಟರು: ಬಂದದ್ದಕ್ಕಿಂತ ಖರ್ಚಾದದ್ದೇ ಹೆಚ್ಚಾಗಿತ್ತು. ಅದೇ ವರ್ಷ ಆಲನ್ ಹಳೆಯ ಕಮ್ಮಾರನ ಕುಲುಮೆಯ ಕಟ್ಟಡವೊಂದನ್ನು ಕುದುರೆಗಳಿಂದ ಎಳೆಸಿ ತಂದು ತಮ್ಮ ನಿವೇಶನದಲ್ಲಿ ನಿಲ್ಲಿಸಿದರು. ಬೆತೆಲ್ ಸಭೆ ಆರಂಭವಾದದ್ದು ಅಲ್ಲಿ.

ಈ ಪ್ರಸಂಗವನ್ನು ದೀರ್ಘವಾಗಿ ಹೇಳಿದ್ದಕ್ಕೆ ಕಾರಣವಿದೆ. ಹೊರಗಿಟ್ಟವರು ಎಂದ ಕೂಡಲೇ ನಾವು ಚಾಚಿದ ಕೈಗಳನ್ನು ಕಲ್ಪಿಸಿಕೊಳ್ಳುತ್ತೇವೆ. ಇಲ್ಲಿ ಬೆಂಚಿನಿಂದ ಎಬ್ಬಿಸಿದವರೇ ಕೊಡುವವರಾದರು. ಕೊಟ್ಟದ್ದಕ್ಕೂ ಲೆಕ್ಕ ಒಪ್ಪಿಸಬೇಕಾಯಿತು. ಭಾರತದ ಚರ್ಚುಗಳೂ ಈ ವಿಷಯದಲ್ಲಿ ಎದೆ ತಟ್ಟಿ ಹೇಳಿಕೊಳ್ಳುವಂತಿಲ್ಲ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಪತ್ರ ಬರೆದು ಜಾತಿಭೇದವನ್ನು ಕೂಡಲೇ ಬಿಡಬೇಕೆಂದಾಗ, ಬೇರೆ ಬೇರೆ ಕೂತು ಅಭ್ಯಾಸವಾಗಿದ್ದ ಅನೇಕರು ಜಾತಿಯನ್ನು ಬಿಡುವ ಬದಲು ಸಭೆಯನ್ನೇ ಬಿಟ್ಟರು.

ಇನ್ನು ಈಗಿನ ಚಿಕ್ಕ ಸಭೆಗಳ ಬಗ್ಗೆ ಕೆಲವು ಮಾತು. ಹಸಿದು ಬಂದವನಿಗೆ ಮೊದಲು ಪ್ರಾರ್ಥನೆ, ಆಮೇಲೆ ಊಟ ಎಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಅದು ಪ್ರಾರ್ಥನೆಗೂ ಅವಮಾನ, ಊಟಕ್ಕೂ ಅವಮಾನ. ಕುಡಿತ ಬಿಟ್ಟವನನ್ನೋ ಸೆರೆಮನೆಯಿಂದ ಬಂದವನನ್ನೋ ಎಲ್ಲರ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸುವ ಆತುರವೂ ಬೇಡ. ಅವನ ಕಥೆ ಅವನದು. ಹೇಳಬೇಕೆನಿಸಿದಾಗ ಅವನೇ ಹೇಳುತ್ತಾನೆ. ಕುಡಿತ ಬಿಟ್ಟವರ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಕರ್ತನ ಭೋಜನಕ್ಕೆ ಹುದುಗು ಬಾರದ ದ್ರಾಕ್ಷಿರಸವನ್ನು ಬಾಟಲಿಯಲ್ಲಿ ಕೆಡದಂತೆ ಇಡುವ ವಿಧಾನವನ್ನು 1869ರಲ್ಲಿ ಮೆಥಡಿಸ್ಟ್ ಸಭೆಯ ಥಾಮಸ್ ವೆಲ್ಚ್ ರೂಪಿಸಿದರು. ಅದರ ಪ್ರೇರಣೆ ಪಾನನಿರೋಧದ ಚಳವಳಿ. ಆದರೆ ಅದರಿಂದ ಆದ ಉಪಕಾರ ಬೇರೆಯೇ: ಒಂದು ಗುಟುಕು ಮದ್ಯವೂ ಅಪಾಯವಾಗಿರುವವನು ತನ್ನ ಕಷ್ಟವನ್ನು ಯಾರಿಗೂ ವಿವರಿಸದೆ ಎಲ್ಲರೂ ಕುಡಿಯುವುದನ್ನೇ ಕುಡಿಯಬಲ್ಲ. ಅವನಿಗೊಬ್ಬನಿಗೇ ಬೇರೆ ಲೋಟ ಇಡುವುದಕ್ಕಿಂತ ಎಲ್ಲರ ಲೋಟವನ್ನೂ ಬದಲಿಸುವುದು ಲೇಸು.

ಕಷ್ಟದ ವಿಷಯವೊಂದಿದೆ, ಅದನ್ನು ಮುಚ್ಚಿಡಬಾರದು. ಎಲ್ಲರಿಗೂ ಬಾಗಿಲು ತೆರೆದ ಸಭೆಗೆ, ಪೆಟ್ಟು ತಿಂದವರೂ ಬರುತ್ತಾರೆ, ಪೆಟ್ಟು ಕೊಟ್ಟವರೂ ಬರುತ್ತಾರೆ. ಮಕ್ಕಳಿಗೆ ಕೇಡು ಮಾಡಿ ಶಿಕ್ಷೆ ಮುಗಿಸಿಬಂದವನು ಆರಾಧನೆಗೆ ಬರಬಹುದು. ಆದರೆ ಮಕ್ಕಳ ತರಗತಿಯ ಹತ್ತಿರ ಅವನು ಸುಳಿಯಬಾರದು, ಅವನ ಜೊತೆ ಯಾವಾಗಲೂ ಒಬ್ಬರು ಹೊಣೆಯವರಿರಬೇಕು, ಈ ಏರ್ಪಾಡು ಬರಹದಲ್ಲಿರಬೇಕು. ಕ್ಷಮೆಯ ಹೆಸರಿನಲ್ಲಿ ಇದನ್ನು ಸಡಿಲಿಸಿದರೆ ಹೊರಗೆ ಹೋಗುವವರು ಪೆಟ್ಟು ತಿಂದವರೇ. ಮುಖಂಡರಿಗೂ ಇದೇ ಮಾತು ಅನ್ವಯಿಸುತ್ತದೆ. ಬುದ್ಧಿಮಾಂದ್ಯತೆ ಇರುವವರೊಂದಿಗೆ ಒಂದೇ ಮನೆಯಲ್ಲಿ ಬಾಳುವ ಲಾರ್ಶ್ ಸಮುದಾಯಗಳನ್ನು 1964ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದ ಜಾನ್ ವಾನಿಯೆ ಲೋಕದ ಗೌರವಕ್ಕೆ ಪಾತ್ರರಾಗಿದ್ದರು. ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಆತ್ಮಿಕ ಮಾರ್ಗದರ್ಶನದ ನೆಪದಲ್ಲಿ ಅವರು ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರೆಂಬುದನ್ನು ಆ ಸಂಸ್ಥೆಯೇ ತನಿಖೆ ನಡೆಸಿ ಪ್ರಕಟಿಸಿತು. ಒಳ್ಳೆಯ ಕೆಲಸ ಮಾಡುವವರನ್ನು ಪ್ರಶ್ನಿಸಬಾರದೆಂಬ ಸಂಕೋಚ ಚಿಕ್ಕ ಸಮುದಾಯಗಳಲ್ಲಿ ಇನ್ನೂ ಹೆಚ್ಚು.

ಚಿಕ್ಕ ಸಭೆಯೊಂದು ಏನು ಮಾಡಬಲ್ಲದು ಎಂಬುದಕ್ಕೆ ಇತ್ತೀಚಿನ ಒಂದು ಉದಾಹರಣೆ ಕೊಡುತ್ತೇನೆ. ನೆದರ್ಲೆಂಡ್ಸಿನ ಕಾನೂನಿನ ಪ್ರಕಾರ ಆರಾಧನೆ ನಡೆಯುತ್ತಿರುವಾಗ ಪೊಲೀಸರು ಚರ್ಚಿನೊಳಗೆ ನುಗ್ಗುವಂತಿಲ್ಲ. ದಿ ಹೇಗ್ ನಗರದ ಬೆತೆಲ್ ಎಂಬ ಚರ್ಚು, ಗಡೀಪಾರಿನ ಭಯದಲ್ಲಿದ್ದ ಆರ್ಮೇನಿಯದ ಐದು ಜನರ ಕುಟುಂಬವನ್ನು ಉಳಿಸಲೆಂದು, 2018ರ ಅಕ್ಟೋಬರ್ 26ರಂದು ಆರಾಧನೆ ಆರಂಭಿಸಿ ಹಗಲಿರುಳು ನಿಲ್ಲಿಸದೆ ಮುಂದುವರಿಸಿತು. 2019ರ ಜನವರಿ 30ರವರೆಗೆ, 96 ದಿನ, ಅದು ನಡೆಯಿತು. ಒಂದು ಚರ್ಚಿನ ಜನರಿಂದಷ್ಟೇ ಆಗುವ ಕೆಲಸವಲ್ಲ ಅದು. ಬೇರೆ ಬೇರೆ ಪಂಗಡಗಳ ನೂರಾರು ಪಾದ್ರಿಗಳು, ಹೊರದೇಶಗಳವರೂ ಸೇರಿ, ಸರದಿಯ ಮೇಲೆ ಬಂದು ಒಬ್ಬರ ಕೈಯಿಂದ ಒಬ್ಬರು ಆರಾಧನೆಯನ್ನು ಮುಂದಕ್ಕೆ ಒಯ್ದರು. ನಡುರಾತ್ರಿ ಕೀರ್ತನೆ ಹಾಡಲು ನಾಲ್ಕೇ ಜನರಿದ್ದರೂ ಆರಾಧನೆ ಆರಾಧನೆಯೇ, ಕಾನೂನಿನ ಕಣ್ಣಿನಲ್ಲಿಯೂ. ಕೊನೆಗೆ ಆಡಳಿತ ಪಕ್ಷಗಳು ಇಂಥ ಮಕ್ಕಳಿರುವ ಕುಟುಂಬಗಳ ಅರ್ಜಿಗಳನ್ನು ಮತ್ತೆ ಪರಿಶೀಲಿಸಲು ಒಪ್ಪಿದವು. ಕಾನೂನಿನ ಸಂದನ್ನು ಬಳಸಿಕೊಂಡರೆಂದು ಟೀಕಿಸಿದವರಿದ್ದಾರೆ. ನನಗೆ ಅದು ಸಂದೆನಿಸುವುದಿಲ್ಲ. ಪ್ರಾರ್ಥನೆಯನ್ನು ಬಿಟ್ಟು ಬೇರೇನೂ ಮಾಡದೆ ಅವರು ಆ ಕುಟುಂಬವನ್ನು ಉಳಿಸಿದರು.

ಇಂಥ ಸಭೆ ಬೆಳೆದರೆ ಏನು ಮಾಡಬೇಕೆಂದು ಕೇಳುವವರಿದ್ದಾರೆ. ನೂರು ದಾಟಿದ ಮೇಲೆ ಹೆಸರುಗಳು ತಪ್ಪತೊಡಗುತ್ತವೆ, ಇನ್ನೂರು ದಾಟಿದ ಮೇಲೆ ಪಟ್ಟಿ ಬೇಕಾಗುತ್ತದೆ. ದೊಡ್ಡ ಕಟ್ಟಡಕ್ಕೆ ಹಣ ಕೂಡಿಸುವುದಕ್ಕಿಂತ ಎರಡು ಸಭೆಗಳಾಗಿ ಒಡೆಯುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಹಾಗೆ ಒಡೆಯುವಾಗ ಹೊಸ ಸಭೆಯ ಕೀಲಿಕೈಯನ್ನೂ ಹುಂಡಿಯ ಲೆಕ್ಕವನ್ನೂ ಹಳೆಯ ಮನೆತನಗಳ ಕೈಗೇ ಕೊಡುವ ಅಭ್ಯಾಸ ಹೆಚ್ಚು ಕಡೆ ಇದೆ. ಐದು ವರ್ಷದ ಹಿಂದೆ ಊಟ ಕೇಳಿಕೊಂಡು ಬಂದವನೊಬ್ಬ ಆ ಹೊತ್ತಿಗೆ ಸಭೆಯಲ್ಲಿದ್ದರೆ, ಲೆಕ್ಕ ಬರೆಯಬಲ್ಲವನಾಗಿದ್ದರೆ, ಅವನ ಹೆಸರನ್ನೂ ಸಭಿಕರ ಮುಂದೆ ಇಡಬೇಕು. ಆಯ್ಕೆಯಾಗಲಿ, ಬಿಡಲಿ, ಅದು ಮತದಾನದ ಮಾತು.